ಪಿಆರ್ ಸಿಕ್ಕ ಮೇಲೆ ಊರಿಗೆ ಬಂದವರು ಮರಳಿ ಹೋಗುವಾಗ ಯಾವ ಕಾಗದ ಬೇಕು?

ಬೆಳಗಾವಿಯ ಟಿಳಕವಾಡಿ ಇರಲಿ, ಬಾಗಲಕೋಟೆಯ ನವನಗರ ಇರಲಿ, ವಿಜಯಪುರದ ಜಲನಗರ ಇರಲಿ, ಮಗನೋ ಮಗಳೋ ಕೆನಡಾಕ್ಕೆ, ಅಮೆರಿಕಕ್ಕೆ ಹೋಗಿ ನೆಲೆಸಿದ ಮನೆಗಳು ಈಗ ಓಣಿಗೊಂದಾದರೂ ಸಿಗುತ್ತವೆ. ಹಾಗೆ ಹೋದವರೆಲ್ಲ ಒಂದೇ ಸಲಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋದವರಲ್ಲ. ವೀಸಾದ ಗಡುವು ಮುಗಿಯುವುದರೊಳಗೆ ಒಮ್ಮೆ ಹೋಗಿ, ಅಲ್ಲಿ ಕಾಲಿಟ್ಟು, ಎಂಟು ಹದಿನೈದು ದಿನ ಇದ್ದು ವಾಪಸ್ ಬರುತ್ತಾರೆ. ಕಂಪನಿಯ ನೋಟಿಸ್ ಪೀರಿಯಡ್ ಮುಗಿಸುವುದಿರುತ್ತದೆ, ತಂಗಿಯ ಲಗ್ನ ಇರುತ್ತದೆ, ಹೊಲದ ಉತಾರದಲ್ಲಿ ಹೆಸರು ಏರಿಸುವುದಿರುತ್ತದೆ, ಹೆಂಡತಿಯ ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿರುತ್ತದೆ. ಇಂಥ ಮೊದಲ ಭೇಟಿಗೆ ವಲಸೆಗಾರರ ವಲಯದಲ್ಲಿ ಸಾಫ್ಟ್ ಲ್ಯಾಂಡಿಂಗ್ ಎನ್ನುತ್ತಾರೆ.

ತೊಂದರೆ ಬರುವುದು ಎರಡನೇ ಪ್ರಯಾಣದಲ್ಲಿ. "ಪಿಆರ್ ಆಗೇದಲ್ಲ, ಇನ್ನೇನು ಬೇಕು?" ಎಂದು ಮನೆಯವರೆಲ್ಲ ನಿಶ್ಚಿಂತರಾಗಿರುತ್ತಾರೆ. ಆದರೆ ಪಿಆರ್, ಅಂದರೆ ಆ ದೇಶದಲ್ಲಿ ಕಾಯಂ ಆಗಿ ಇರುವ ಹಕ್ಕು ಬೇರೆ, ಆ ದೇಶದ ವಿಮಾನ ಹತ್ತಲು ತೋರಿಸಬೇಕಾದ ಕಾಗದ ಬೇರೆ. ಹಕ್ಕು ಗಟ್ಟಿಯಾಗಿದ್ದರೂ ಕಾಗದ ಕೈಯಲ್ಲಿಲ್ಲದಿದ್ದರೆ ಬೆಂಗಳೂರಿನ ಚೆಕ್‌-ಇನ್ ಕೌಂಟರ್‌ನಿಂದ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಈ ಲೇಖನದ ಹೆಚ್ಚಿನ ಭಾಗ ಕೆನಡಾದ ಬಗ್ಗೆ ಇದೆ, ಏಕೆಂದರೆ ಒಮ್ಮೆ ಹೋಗಿ ವಾಪಸ್ ಬಂದವರು ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲಿಯ ನಿಯಮಗಳಲ್ಲಿ.

ಮೊದಲ ಸಲ ಹೋಗುವಾಗ ಕೈಯಲ್ಲಿ ಎರಡು ಕಾಗದ ಇದ್ದವು. ಪಾಸ್‌ಪೋರ್ಟ್‌ಗೆ ಅಂಟಿಸಿದ ವಲಸೆ ವೀಸಾ ಒಂದು, ಕಾಯಂ ನಿವಾಸದ ದೃಢೀಕರಣ ಪತ್ರ ಇನ್ನೊಂದು. ಈ ಪತ್ರವನ್ನು ಎಲ್ಲರೂ ಸಿಓಪಿಆರ್ ಎಂದೇ ಕರೆಯುತ್ತಾರೆ. ಟೊರಾಂಟೊದಲ್ಲೋ ವ್ಯಾಂಕೂವರ್‌ನಲ್ಲೋ ಇಳಿದಾಗ ಅಧಿಕಾರಿ ಅದರ ಮೇಲೆ ದಿನಾಂಕ ಹಾಕಿ ಸಹಿ ಮಾಡಿಸಿಕೊಂಡ ಕ್ಷಣದಿಂದ ನೀವು ಪಿಆರ್. ಅದೇ ಕ್ಷಣಕ್ಕೆ ಆ ವೀಸಾದ ಕೆಲಸವೂ ಮುಗಿಯಿತು, ಅದರ ಮೇಲೆ ಮತ್ತೊಮ್ಮೆ ವಿಮಾನ ಹತ್ತಲಾಗದು. ಸಿಓಪಿಆರ್ ಮಾತ್ರ ಜೀವನಪೂರ್ತಿ ಜೋಪಾನವಾಗಿ ಇಡಬೇಕಾದ ದಾಖಲೆ. ಮುಂದೆ ಪಿಂಚಣಿಗೆ, ಪೌರತ್ವಕ್ಕೆ, ಕಾರ್ಡ್ ಕಳೆದಾಗ ಅದು ಬೇಕಾಗುತ್ತದೆ. ಆದರೆ ಅದು ಪ್ರಯಾಣದ ದಾಖಲೆಯಲ್ಲ. ಸಹಿ ಬಿದ್ದ ಸಿಓಪಿಆರ್ ತೋರಿಸಿ ವಿಮಾನ ಹತ್ತುತ್ತೇನೆ ಎಂದು ಹೊರಡುವವರೇ ಹೆಚ್ಚಾಗಿ ಮನೆಗೆ ಮರಳುತ್ತಾರೆ.

ಎರಡನೇ ಪ್ರಯಾಣಕ್ಕೆ ಬೇಕಾಗುವುದು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಪಿಆರ್ ಕಾರ್ಡ್. ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ, ಬ್ಯಾಂಕಿನ ಹಣದ ಪತ್ರ ಇವೆಲ್ಲ ಪಿಆರ್ ಕೊಡುವ ಮುಂಚಿನ ಕಾಗದಗಳು. ಮರಳಿ ಹೋಗುವಾಗ ಯಾರೂ ಅವನ್ನು ಕೇಳುವುದಿಲ್ಲ, ಏಜೆಂಟರ ಮಾತು ಕೇಳಿ ಮತ್ತೆ ಮಾಡಿಸುವ ಅಗತ್ಯವಿಲ್ಲ.

ಕಾರ್ಡ್ ಹೇಗೆ ಬರುತ್ತದೆ ಎಂಬುದರಲ್ಲೇ ಗಂಟಿದೆ. ಹೊಸ ಪಿಆರ್‌ಗಳಿಗೆ ಮೊದಲ ಕಾರ್ಡ್‌ಗೆ ಬೇರೆ ಅರ್ಜಿ ಬೇಕಿಲ್ಲ, ಇಳಿದಾಗ ಕೊಟ್ಟ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತದೆ. ಆದರೆ ಆ ವಿಳಾಸ ಕೆನಡಾದ್ದೇ ಆಗಿರಬೇಕು. ಬೆಳಗಾವಿಯ ಮನೆಗೆ ಸರಕಾರ ಕಾರ್ಡ್ ಕಳಿಸುವುದಿಲ್ಲ. ಇಳಿದ 180 ದಿನಗಳ ಒಳಗೆ ವಿಳಾಸ ಕೊಡದಿದ್ದರೆ ತಾನಾಗಿ ಕಾರ್ಡ್ ಬರುವುದು ನಿಲ್ಲುತ್ತದೆ. ಆಮೇಲೆ 50 ಕೆನಡಿಯನ್ ಡಾಲರ್ ಶುಲ್ಕ ಕಟ್ಟಿ ಹೊಸದಾಗಿ ಅರ್ಜಿ ಹಾಕಬೇಕು, ಅದನ್ನೂ ಕೆನಡಾದಲ್ಲಿದ್ದೇ ಹಾಕಬೇಕು. ಹತ್ತು ದಿನಕ್ಕೆ ಹೋದವರು ಕಾರ್ಡ್ ಬರುವವರೆಗೆ ಅಲ್ಲಿ ಕಾಯಲಾರರು. ಹಾಗಾಗಿ ಅಣ್ಣನದೋ, ಕಾಲೇಜಿನ ಗೆಳೆಯನದೋ ವಿಳಾಸ ಕೊಟ್ಟು ಬಂದು, ಕಾರ್ಡ್ ಅವರ ಕೈ ಸೇರಿದ ಮೇಲೆ ಟ್ರ್ಯಾಕಿಂಗ್ ಇರುವ ಕೊರಿಯರ್‌ನಲ್ಲಿ ತರಿಸಿಕೊಳ್ಳುವವರೇ ಬಹಳ. ಆ ಕಡೆಯಿಂದ ಯಾರಾದರೂ ಊರಿಗೆ ಬರುವವರಿದ್ದರೆ ಅವರ ಕೈಯಲ್ಲಿ ಕಳಿಸುವುದು ಇನ್ನೂ ಒಳ್ಳೆಯದು. ವಿಳಾಸ ಬರೆಸುವಾಗ ಅಪಾರ್ಟ್‌ಮೆಂಟ್‌ನ ಯೂನಿಟ್ ನಂಬರ್, ಪೋಸ್ಟಲ್ ಕೋಡ್ ತಪ್ಪಿದರೆ ಪತ್ರ ವಾಪಸ್ ಹೋಗುತ್ತದೆ. ಗೆಳೆಯ ನಡುವೆ ಮನೆ ಬದಲಿಸಿದರಂತೂ ಕಾರ್ಡ್ ಎಲ್ಲಿಗೆ ಹೋಯಿತೆಂದು ಹುಡುಕುವುದೇ ಕಷ್ಟ. ಯಾರ ವಿಳಾಸ ಕೊಡುತ್ತೀರೋ ಅವರು ಇನ್ನಾರು ತಿಂಗಳು ಅದೇ ಮನೆಯಲ್ಲಿರುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕಾರ್ಡ್ ಬರಲೇ ಇಲ್ಲ, ಬಂದದ್ದು ಕಳೆಯಿತು, ಅಥವಾ ಊರಲ್ಲಿರುವಾಗ ಅವಧಿ ಮುಗಿಯಿತು ಎಂದಾದರೆ ಇರುವ ದಾರಿಯ ಹೆಸರು ಪಿಆರ್‌ಟಿಡಿ, ಅಂದರೆ ಕಾಯಂ ನಿವಾಸಿಯ ಪ್ರಯಾಣ ದಾಖಲೆ. ಇದು ಕೆನಡಾದ ಹೊರಗಿರುವ ಪಿಆರ್‌ಗಳಿಗೆ ಮರಳಿ ಹೋಗಲು ಕೊಡುವ ಕಾಗದ, ಪಾಸ್‌ಪೋರ್ಟ್‌ನಲ್ಲೇ ಅಂಟಿಸಿ ಕೊಡುತ್ತಾರೆ, ಸಾಮಾನ್ಯವಾಗಿ ಒಂದೇ ಪ್ರಯಾಣಕ್ಕೆ. ಅರ್ಜಿಯ ನಮೂನೆ ಐಎಂಎಂ 5524, ಶುಲ್ಕ 50 ಕೆನಡಿಯನ್ ಡಾಲರ್, ಆನ್‌ಲೈನ್‌ನಲ್ಲಿ ಹಾಕಬಹುದು. ಜೊತೆಗೆ ಪಾಸ್‌ಪೋರ್ಟ್‌ನ ಪುಟಗಳು, ಫೋಟೊ, ಸಿಓಪಿಆರ್ ಪ್ರತಿ, ಕೆನಡಾದಲ್ಲಿ ಎಷ್ಟು ದಿನ ಇದ್ದಿರಿ ಎಂಬುದರ ಲೆಕ್ಕ ಮತ್ತು ಪುರಾವೆ ಕೊಡಬೇಕು. ಒಪ್ಪಿಗೆ ಬಂದ ಮೇಲೆ ಪಾಸ್‌ಪೋರ್ಟ್ ಅನ್ನು ವೀಸಾ ಕಾಗದ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರಕ್ಕೆ ಒಪ್ಪಿಸಬೇಕು. ನಮ್ಮ ಮೂರೂ ಜಿಲ್ಲೆಗಳಲ್ಲಿ ಕೆನಡಾದ ಕೇಂದ್ರ ಇಲ್ಲ. ಬೆಂಗಳೂರಿಗೋ ಮುಂಬೈಗೋ ಕಳಿಸಬೇಕು. ಮನೆಯಲ್ಲಿ ಕಾಯಿಲೆ, ಸಾವು, ಕೆಲಸಕ್ಕೆ ಹಾಜರಾಗುವ ತಾರೀಖು ಇಂಥ ಕಾರಣವಿದ್ದರೆ ಪುರಾವೆ ಸಮೇತ ತುರ್ತು ಎಂದು ಕೇಳಿಕೊಳ್ಳಬಹುದು. ಕಾಗದ ಕೈಗೆ ಬರುವವರೆಗೆ ಬದಲಿಸಲಾಗದ ಟಿಕೆಟ್ ತೆಗೆಯಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಪ್ರವಾಸಿ ವೀಸಾ ತೆಗೆದುಕೊಂಡು ಹೋಗಿಬಿಡೋಣ ಎಂಬ ಉಪಾಯವೂ ನಡೆಯುವುದಿಲ್ಲ, ಪಿಆರ್ ಆಗಿರುವವರಿಗೆ ಅದನ್ನು ಕೊಡುವುದಿಲ್ಲ.

ಇಷ್ಟೆಲ್ಲ ಬಿಗಿ ಕೌಂಟರ್‌ನಲ್ಲೇ ಏಕೆ? ಸರಿಯಾದ ದಾಖಲೆ ಇಲ್ಲದವರನ್ನು ಹೊತ್ತು ತಂದರೆ ಆ ದೇಶ ದಂಡ ಹಾಕುವುದು ವಿಮಾನ ಕಂಪನಿಗೆ. ಆದ್ದರಿಂದ ಕೌಂಟರ್‌ನಲ್ಲಿ ಕೂತವರು ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಆ ದೇಶದ ನಿಯಮ ನೋಡಿ, ಒಪ್ಪಿಗೆ ಬಂದರೆ ಮಾತ್ರ ಬೋರ್ಡಿಂಗ್ ಪಾಸ್ ಕೊಡುತ್ತಾರೆ. 2016ರ ನವೆಂಬರ್‌ನಿಂದ ಕೆನಡಾ ಇದನ್ನು ಪೂರ್ತಿಯಾಗಿ ಜಾರಿಗೆ ತಂದಿದೆ. ಕೌಂಟರ್‌ನಲ್ಲಿರುವ ಹುಡುಗನಿಗೆ ನಿಮ್ಮ ಕಥೆ ಅರ್ಥವಾದರೂ ಅವನ ಕೈಯಲ್ಲಿ ಏನೂ ಇರುವುದಿಲ್ಲ. ನಮ್ಮ ಕಡೆಯವರಿಗೆ ಇದರ ಪೆಟ್ಟು ಇನ್ನೂ ಜೋರು. ಸಾಂಬ್ರಾದಿಂದಲೋ ಹುಬ್ಬಳ್ಳಿಯಿಂದಲೋ ಒಳನಾಡಿನ ವಿಮಾನ ಹತ್ತುವಾಗ ಈ ಕಾಗದಗಳನ್ನು ಯಾರೂ ನೋಡುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಹೊರಟವರನ್ನಂತೂ ಕೇಳುವವರೇ ಇಲ್ಲ. ಬೆಂಗಳೂರು ಅಥವಾ ಮುಂಬೈ ತಲುಪಿ, ನಾಲ್ಕು ಸೂಟ್‌ಕೇಸ್ ತೂಕಕ್ಕೆ ಇಟ್ಟ ಮೇಲೆಯೇ ವಿಷಯ ಗೊತ್ತಾಗುವುದು. ಬೀಳ್ಕೊಡಲು ಬಂದ ಅಪ್ಪ ಅಮ್ಮ ಅಷ್ಟು ಹೊತ್ತಿಗೆ ಊರಿನ ದಾರಿ ಹಿಡಿದಿರುತ್ತಾರೆ.

ಅಮೆರಿಕದ ವೀಸಾ ಇದ್ದವರಿಗೆ ಇನ್ನೊಂದು ದಾರಿ ಉಂಟು. ಅಮೆರಿಕಕ್ಕೆ ಹೋಗಿ, ಅಲ್ಲಿಂದ ಖಾಸಗಿ ಕಾರಿನಲ್ಲಿ ಗಡಿ ದಾಟುವಾಗ ಪಾಸ್‌ಪೋರ್ಟ್ ಮತ್ತು ಸಿಓಪಿಆರ್ ತೋರಿಸಿ ಪಿಆರ್ ಎಂದು ಸಾಬೀತು ಮಾಡಬಹುದು. ವಿಮಾನ, ಬಸ್ಸು, ರೈಲಿಗೆ ಇದು ಅನ್ವಯಿಸದು. ಮಕ್ಕಳು ಮರಿ ಕಟ್ಟಿಕೊಂಡು ಹೋಗುವ ಸಂಸಾರಕ್ಕೆ ನಾನು ಈ ಸುತ್ತು ದಾರಿಯನ್ನು ಹೇಳುವುದಿಲ್ಲ. ಹಾಗೆಯೇ, ಟೊರಾಂಟೊಗೆ ಅಗ್ಗದ ಟಿಕೆಟ್ ಎಂದು ಅಮೆರಿಕದ ನಿಲ್ದಾಣದಲ್ಲಿ ವಿಮಾನ ಬದಲಿಸುವ ಮಾರ್ಗ ಆರಿಸಿದರೆ, ಬದಲಿಸುವುದಕ್ಕಷ್ಟೇ ಆದರೂ ಭಾರತದ ಪಾಸ್‌ಪೋರ್ಟ್‌ನವರಿಗೆ ಅಮೆರಿಕದ ವೀಸಾ ಬೇಕು. ಕೆನಡಾದ ಪಿಆರ್ ಕಾರ್ಡ್ ಅದಕ್ಕೆ ಸಾಲದು.

ಇನ್ನು ದಿನಗಳ ಲೆಕ್ಕ. ಕೆನಡಾದ ಪಿಆರ್ ಉಳಿಯಬೇಕಾದರೆ ಪ್ರತಿ 5 ವರ್ಷಗಳಲ್ಲಿ 730 ದಿನ ಅಲ್ಲಿರಬೇಕು. ಹೊಸಬರಿಗೆ ಇನ್ನೂ 5 ವರ್ಷ ಆಗಿರುವುದಿಲ್ಲವಾದ್ದರಿಂದ, ಉಳಿದ ಅವಧಿಯಲ್ಲಿ 730 ದಿನ ತುಂಬಿಸಲು ಸಾಧ್ಯವೇ ಎಂದು ನೋಡುತ್ತಾರೆ. ಉದಾಹರಣೆಗೆ ಒಬ್ಬರು 2024ರ ಜೂನ್ 10ರಂದು ಇಳಿದರು ಎನ್ನಿ. ಅವರ ಮೊದಲ 5 ವರ್ಷ 2029ರ ಜೂನ್ 9ಕ್ಕೆ ಮುಗಿಯುತ್ತದೆ, ಒಟ್ಟು 1826 ದಿನ. ಅದರಲ್ಲಿ 730 ಕಳೆದರೆ 1096 ದಿನ, ಹೆಚ್ಚುಕಡಿಮೆ ಮೂರು ವರ್ಷ, ಹೊರಗೆ ಇರಬಹುದು. ಎರಡು ವರ್ಷ ಊರಲ್ಲೇ ಉಳಿದವರೂ ಅಷ್ಟಕ್ಕೇ ಹಕ್ಕು ಕಳೆದುಕೊಳ್ಳುವುದಿಲ್ಲ. ಆದರೆ ಆಮೇಲೆ ಹೋದವರು ಮತ್ತೆ ಹೆಚ್ಚು ಅಡ್ಡಾಡುವಂತಿಲ್ಲ. ಕಾರ್ಡ್ ಮೇಲಿನ ಮುಕ್ತಾಯದ ತಾರೀಖಿಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕಾರ್ಡ್ ಅವಧಿ ಮುಗಿದರೆ ಪಿಆರ್ ಹೋಗುವುದಿಲ್ಲ, ಕಾರ್ಡ್ ಅವಧಿ ಇದ್ದ ಮಾತ್ರಕ್ಕೆ ಪಿಆರ್ ಉಳಿಯುವುದೂ ಇಲ್ಲ. ಪಿಆರ್‌ಟಿಡಿ ಅರ್ಜಿ ಹಾಕಿದಾಗ ಅಧಿಕಾರಿ ಇದೇ ಲೆಕ್ಕವನ್ನು ತೆಗೆಯುತ್ತಾನೆ. ದಿನ ಕಡಿಮೆ ಬಿದ್ದು ನಿರಾಕರಿಸಿದರೆ, ಲಿಖಿತ ನಿರ್ಧಾರ ಕೈಸೇರಿದ 60 ದಿನಗಳೊಳಗೆ ಮೇಲ್ಮನವಿ ಹಾಕಬೇಕು. ಸುಮ್ಮನೆ ಕೂತರೆ ಪಿಆರ್ ಅಲ್ಲಿಗೇ ಮುಗಿಯುತ್ತದೆ.

ನಮ್ಮ ಭಾಗದಲ್ಲಿ ಇದೆಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಬಾಣಂತನದ ವಿಷಯ. ಗಂಡ ಹೆಂಡತಿ ಇಬ್ಬರೂ ಹೋಗಿ ಪಿಆರ್ ಆಗಿ ಬಂದಿರುತ್ತಾರೆ. ಹೆಂಡತಿ ಗರ್ಭಿಣಿ. ಕುಬಸ ಮಾಡಿ ತವರಿಗೆ ಕರೆದುಕೊಂಡು ಹೋಗುತ್ತಾರೆ, ಜಮಖಂಡಿಯಲ್ಲೋ ಗೋಕಾಕದಲ್ಲೋ ಕೂಸು ಹುಟ್ಟುತ್ತದೆ. ಮೂರು ತಿಂಗಳು ಬಿಟ್ಟು ಮೂವರೂ ಹೋಗುವ ಯೋಚನೆ. ಅಪ್ಪ ಅಮ್ಮ ಪಿಆರ್ ಆದರೂ ಭಾರತದಲ್ಲಿ ಹುಟ್ಟಿದ ಕೂಸು ಪಿಆರ್ ಅಲ್ಲ! ಅದಕ್ಕೆ ಪಿಆರ್‌ಟಿಡಿಯೂ ಸಿಗದು, ಅಪ್ಪ ಅಮ್ಮನ ಕಾರ್ಡ್ ಮೇಲೂ ಹೋಗಲಾಗದು. ಅಪ್ಪನೋ ಅಮ್ಮನೋ ಸ್ಪಾನ್ಸರ್ ಮಾಡಬೇಕು, ಅಂದರೆ ಕೂಸಿನ ಹೊಣೆ ಹೊತ್ತು ಅದರ ಪಿಆರ್‌ಗೆ ಅರ್ಜಿ ಹಾಕಬೇಕು. ಅದರಲ್ಲೂ ಒಂದು ತೊಡಕಿದೆ: ಕೆನಡಾದ ಪೌರರು ಹೊರಗಿದ್ದೂ ಸ್ಪಾನ್ಸರ್ ಮಾಡಬಹುದು, ಪಿಆರ್ ಆದವರು ಕೆನಡಾದಲ್ಲಿ ವಾಸವಿದ್ದರೆ ಮಾತ್ರ ಮಾಡಬಹುದು. ಊರಲ್ಲಿ ಕೂತು ಅರ್ಜಿ ಹಾಕಿದರೆ ಅದು ನಿಲ್ಲುವುದಿಲ್ಲ.

ಆದ್ದರಿಂದ ಅನೇಕ ಮನೆಗಳಲ್ಲಿ ಗಂಡ ಮುಂದಾಗಿ ಹೋಗಿ, ಮನೆ ಹಿಡಿದು, ಅಲ್ಲಿಂದ ಕೂಸಿಗೆ ಅರ್ಜಿ ಹಾಕುತ್ತಾನೆ, ಬಾಣಂತಿ ತವರಲ್ಲೇ ಕಾಯುತ್ತಾಳೆ. ಕೂಸಿಗೆ ಸಂದರ್ಶಕ ವೀಸಾ ಕೇಳಿ ಜೊತೆಗೇ ಕರೆದುಕೊಂಡು ಹೋಗಲು ಯತ್ನಿಸುವವರೂ ಇದ್ದಾರೆ. ಅದನ್ನು ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಹೆರಿಗೆ ಎಲ್ಲಿ ಎಂದು ಹಿರಿಯರು ನಿರ್ಧರಿಸುವ ಮುಂಚೆಯೇ ಈ ಮಾತು ಮನೆಯಲ್ಲಿ ಆಗಬೇಕು. ತವರಿನ ಆರೈಕೆ ಬೇಡ ಎಂದು ನಾನು ಹೇಳುತ್ತಿಲ್ಲ, ಆರು ತಿಂಗಳೋ ವರ್ಷವೋ ಗಂಡ ಒಂದು ಕಡೆ, ಹೆಂಡತಿ ಕೂಸು ಒಂದು ಕಡೆ ಇರಬೇಕಾಗಬಹುದು ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರಲಿ.

ಪಿಆರ್ ವೀಸಾ ಬಂದು, ಇನ್ನೂ ಕೆನಡಾದಲ್ಲಿ ಇಳಿಯುವ ಮೊದಲೇ ಕೂಸು ಹುಟ್ಟಿದರೆ ಮಾತು ಇನ್ನೂ ಗಂಭೀರ. ಇಳಿಯುವ ಮುಂಚೆಯೇ ವಲಸೆ ಇಲಾಖೆಗೆ ತಿಳಿಸಿ, ಕೂಸನ್ನು ಅದೇ ಅರ್ಜಿಗೆ ಸೇರಿಸಬೇಕು. "ಆಮೇಲೆ ಹೇಳಿದರಾಯಿತು" ಎಂದು ಮುಚ್ಚಿಟ್ಟು ಇಳಿದರೆ ಆ ಮಗುವನ್ನು ಮುಂದೆ ಕುಟುಂಬದ ವರ್ಗದಲ್ಲಿ ಸ್ಪಾನ್ಸರ್ ಮಾಡುವ ಹಕ್ಕಿಗೇ ಕುತ್ತು ಬರುತ್ತದೆ. ಇಳಿಯುವ ಮುಂಚೆ ಆದ ಮದುವೆಗೂ ಇದೇ ನಿಯಮ.

ಅಮೆರಿಕದ ನಿಯಮ ಇಲ್ಲಿ ಮೃದು. ಗ್ರೀನ್ ಕಾರ್ಡ್ (ಅಲ್ಲಿಯ ಪಿಆರ್ ಕಾರ್ಡ್) ಇರುವ ತಾಯಿ ತಾತ್ಕಾಲಿಕವಾಗಿ ಊರಿಗೆ ಬಂದಾಗ ಹುಟ್ಟಿದ ಕೂಸು, 2 ವರ್ಷ ತುಂಬುವುದರೊಳಗೆ, ತಾಯಿ ಅಥವಾ ತಂದೆ ಮೊದಲ ಬಾರಿ ಮರಳುವಾಗ ಅವರ ಜೊತೆಗೇ ಹೋದರೆ ವೀಸಾ ಬೇಕಿಲ್ಲ. ಕೂಸಿನ ಪಾಸ್‌ಪೋರ್ಟ್, ತಾಯಿಯ ಹೆಸರಿರುವ ಜನನ ಪ್ರಮಾಣಪತ್ರ ಸಾಕು. "ಮೊದಲ ಬಾರಿ ಮರಳುವಾಗ" ಎಂಬ ಮಾತು ಮುಖ್ಯ. ಕೂಸನ್ನು ಅಜ್ಜಿಯ ಹತ್ತಿರ ಬಿಟ್ಟು ಒಮ್ಮೆ ಹೋಗಿ ಬಂದರೆ ಈ ಅನುಕೂಲ ತಪ್ಪಿಹೋಗುತ್ತದೆ.

ಯಾವ ದೇಶವಾದರೂ ಕೂಸಿಗೆ ಭಾರತದ ಪಾಸ್‌ಪೋರ್ಟ್ ಬೇಕೇ ಬೇಕು, ಅದಕ್ಕೆ ಜನನ ಪ್ರಮಾಣಪತ್ರ ಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ತಾರೀಖಿಗೆ ಬೇರೆ ಯಾವ ದಾಖಲೆಯೂ ನಡೆಯುವುದಿಲ್ಲ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯವರು ಅದನ್ನು ಮಾಡುತ್ತಾರೆ, ಆದರೆ ತೊಟ್ಟಿಲಿಗೆ ಹಾಕಿ ಹೆಸರಿಡುವುದು ಆಮೇಲೆ ಆಗುವುದರಿಂದ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ. ನೋಂದಣಿಯಾದ 12 ತಿಂಗಳೊಳಗೆ ತಡಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದೇ ವೇಳೆ ತಾಯಿಯ ಹೆಸರು ಅವಳ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬಂದಿದೆಯೇ ನೋಡಿ. ಆಸ್ಪತ್ರೆಯಲ್ಲಿ ಕರೆಯುವ ಹೆಸರು ಬರೆಸಿಬಿಡುವುದು ನಮ್ಮಲ್ಲಿ ಮಾಮೂಲು. ಅಪ್ರಾಪ್ತರ ಪಾಸ್‌ಪೋರ್ಟ್‌ಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಬೇಕಾಗುವುದರಿಂದ, ಗಂಡ ಊರಲ್ಲಿರುವಾಗಲೇ ಈ ಕೆಲಸ ಮುಗಿಸಿದರೆ ಓಡಾಟ ತಪ್ಪುತ್ತದೆ.

ಹೆಸರಿನ ಮಾತು ಬಂದದ್ದಕ್ಕೆ ದೊಡ್ಡವರದ್ದೂ ಹೇಳಿಬಿಡುತ್ತೇನೆ. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ನಡುವೆ ತಂದೆಯ ಹೆಸರು ಒಮ್ಮೆ ಪೂರ್ತಿ, ಒಮ್ಮೆ ಬರೀ ಇನಿಷಿಯಲ್, ಹೀಗೆ ಪಾಟೀಲ, ಹಿರೇಮಠ, ಕುಲಕರ್ಣಿ ಮನೆತನಗಳಲ್ಲೆಲ್ಲ ಇದೆ. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಎಂದು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು, ಮುದ್ರಿಸುತ್ತಾರೆ. ಮರಳಿ ಹೋಗುವವರಿಗೆ ನನ್ನ ಸಲಹೆ ಒಂದೇ: ಕಾರ್ಡ್‌ನಲ್ಲಿ ಯಾವ ಹೆಸರಿದೆಯೋ ಅದೇ ಹೆಸರು ಪಾಸ್‌ಪೋರ್ಟ್‌ನಲ್ಲೂ ಟಿಕೆಟ್‌ನಲ್ಲೂ ಇರಲಿ. ಲಗ್ನವಾದ ಮೇಲೆ ಗಂಡನ ಮನೆಯ ಹೆಸರು ಹಾಕಿಸಿ ಹೊಸ ಪಾಸ್‌ಪೋರ್ಟ್ ಮಾಡಿಸುವ ಆತುರ ಪ್ರಯಾಣಕ್ಕೆ ಮುಂಚೆ ಬೇಡ. ಆಗಲೇ ಬದಲಾಗಿದ್ದರೆ ಹಳೆಯ ಪಾಸ್‌ಪೋರ್ಟ್ ಮತ್ತು ವಿವಾಹ ನೋಂದಣಿ ಪತ್ರ ಕೈಚೀಲದಲ್ಲಿರಲಿ.

ಊರಿನ ಹೆಸರೂ ಹಾಗೆಯೇ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಮುಧೋಳ, ಬಾದಾಮಿಯಲ್ಲಿ ಹುಟ್ಟಿದವರ ದಾಖಲೆಯಲ್ಲಿ ಜಿಲ್ಲೆ ಬಿಜಾಪುರ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಹೀಗಾಗಿ ಒಂದೇ ಮನೆಯ ಅಣ್ಣ ತಮ್ಮಂದಿರ ಪಾಸ್‌ಪೋರ್ಟ್‌ನಲ್ಲಿ ಬೇರೆ ಬೇರೆ ಹೆಸರು ಕಾಣುತ್ತದೆ. ಇದಕ್ಕೆ ಹೆದರಬೇಕಿಲ್ಲ. ವಿದೇಶದ ಯಾವ ಅರ್ಜಿಯಲ್ಲಾದರೂ ಪಾಸ್‌ಪೋರ್ಟ್‌ನಲ್ಲಿ ಇರುವ ಕಾಗುಣಿತವನ್ನೇ ಬರೆಯಿರಿ, ಈಗಿನ ಹೆಸರನ್ನಲ್ಲ.

ಅಮೆರಿಕಕ್ಕೆ ಹೋಗಿ ಬಂದವರ ಉಳಿದ ಕಥೆ ಹೀಗಿದೆ. ವಲಸೆ ವೀಸಾದ ಮೇಲೆ ಮೊದಲ ಸಲ ಇಳಿದಾಗ ಬೀಳುವ ಮುದ್ರೆ, ಕಾರ್ಡ್ ಬರುವವರೆಗೆ 1 ವರ್ಷ ಗ್ರೀನ್ ಕಾರ್ಡ್‌ನಂತೆಯೇ ನಡೆಯುತ್ತದೆ. ಕೆನಡಾದಂತೆ ಕಾರ್ಡ್ ಇಲ್ಲವೆಂದು ಕೌಂಟರ್‌ನಲ್ಲಿ ತಡೆಯುವುದಿಲ್ಲ. ಆ ಪಾಸ್‌ಪೋರ್ಟ್ ಅವಧಿ ಮುಗಿದು ಹೊಸದು ಮಾಡಿಸಿದ್ದರೆ ಎರಡನ್ನೂ ಒಯ್ಯಬೇಕು. ಆದರೆ ಒಂದು ವರ್ಷ ಅಥವಾ ಹೆಚ್ಚು ಹೊರಗಿದ್ದರೆ ಗ್ರೀನ್ ಕಾರ್ಡ್ ಕೂಡ ಪ್ರವೇಶಕ್ಕೆ ಸಾಲುವುದಿಲ್ಲ. ಹೆಚ್ಚು ದಿನ ಊರಲ್ಲಿರಬೇಕೆಂದು ಮೊದಲೇ ಗೊತ್ತಿದ್ದರೆ ಅಮೆರಿಕದಲ್ಲಿರುವಾಗಲೇ ಐ-131 ಅರ್ಜಿ ಹಾಕಿ ರೀಎಂಟ್ರಿ ಪರ್ಮಿಟ್, ಅಂದರೆ ಮರಳಿ ಬರುವ ಅನುಮತಿ ಪತ್ರ ಪಡೆಯಬೇಕು, ಅದು ಗರಿಷ್ಠ 2 ವರ್ಷದ್ದು. ಊರಿಗೆ ಬಂದ ಮೇಲೆ ಅದನ್ನು ಕೇಳಲಾಗದು. ಅದೂ ಇಲ್ಲದೆ ವರ್ಷ ದಾಟಿದವರು ಮರಳುವ ನಿವಾಸಿಯ ವೀಸಾ, ಅಂದರೆ ಎಸ್‌ಬಿ-1 ಕೇಳಬೇಕು. ತಮ್ಮ ಕೈಮೀರಿದ ಕಾರಣದಿಂದ ಉಳಿಯಬೇಕಾಯಿತು ಎಂದು ಆಸ್ಪತ್ರೆಯ ಕಾಗದ ಮುಂತಾದ ಪುರಾವೆ ಕೊಟ್ಟು ತೋರಿಸಬೇಕು. ಹೊಲ ಮಾರಾಟವಾಗಲಿಲ್ಲ ಎಂಬುದು ಅಂಥ ಕಾರಣವಾಗುವುದು ಕಷ್ಟ. ವರ್ಷದೊಳಗೆ ಕಾರ್ಡ್ ಕಳೆದುಕೊಂಡವರಿಗೆ ಐ-131ಎ ಅರ್ಜಿಯ ಮೇಲೆ ವಿಮಾನ ಹತ್ತುವ ಪತ್ರ ಕೊಡುತ್ತಾರೆ.

ಬ್ರಿಟನ್‌ನಲ್ಲಿ ಈಗ ಕೈಯಲ್ಲಿ ಹಿಡಿಯುವ ಕಾರ್ಡ್ ಇಲ್ಲ, ಎಲ್ಲ ಇ-ವೀಸಾ, ಅಂದರೆ ಆನ್‌ಲೈನ್ ದಾಖಲೆ. ಊರಲ್ಲಿ ಪಾಸ್‌ಪೋರ್ಟ್ ನವೀಕರಿಸಿದವರು ಹೊಸ ನಂಬರನ್ನು ತಮ್ಮ ಆನ್‌ಲೈನ್ ಖಾತೆಗೆ ಸೇರಿಸದಿದ್ದರೆ ಕೌಂಟರ್‌ನಲ್ಲಿ ಅನುಮತಿ ಕಾಣುವುದಿಲ್ಲ. ಆಸ್ಟ್ರೇಲಿಯಾದ ಪಿಆರ್‌ನಲ್ಲಿ ಓಡಾಡುವ ಸೌಲಭ್ಯ ಸಾಮಾನ್ಯವಾಗಿ 5 ವರ್ಷಕ್ಕೆ, ಆಮೇಲೆ ರೆಸಿಡೆಂಟ್ ರಿಟರ್ನ್ ವೀಸಾ ಬೇಕು.

ಕೊನೆಗೆ ಸಾಮಾನಿನ ಕಾಗದ. ಕೆನಡಾಕ್ಕೆ ಮೊದಲ ಸಲ ಇಳಿಯುವಾಗಲೇ, ಹಿಂದಿನಿಂದ ತರುವ ವಸ್ತುಗಳ ಪಟ್ಟಿಯನ್ನು ಬಿಎಸ್‌ಎಫ್186 ನಮೂನೆಯಲ್ಲಿ ಕಸ್ಟಮ್ಸ್‌ಗೆ ಕೊಡಬೇಕು. ಆಗ ಕೊಟ್ಟಿದ್ದರೆ ಎರಡನೇ ಪ್ರಯಾಣದಲ್ಲಿ ಆ ವಸ್ತುಗಳಿಗೆ ಸುಂಕವಿಲ್ಲ, ಇಳಿಯುವ ಮೊದಲೇ ಅವು ನಿಮ್ಮವಾಗಿರಬೇಕು, ಬಳಸಿದವಾಗಿರಬೇಕು ಅಷ್ಟೆ. ಸಾಫ್ಟ್ ಲ್ಯಾಂಡಿಂಗ್‌ಗೆ ಒಂದು ಬ್ಯಾಗ್ ಹಿಡಿದು ಹೋಗುವವರು ಇದನ್ನೇ ಮರೆಯುತ್ತಾರೆ. ಮುಖ್ಯವಾಗಿ ಬಂಗಾರ. ಲಗ್ನದ ಬೋರಮಾಳ, ಬಳೆ, ಪಾಟ್ಲಿ ಇವನ್ನು ಒಂದೊಂದಾಗಿ ಫೋಟೊ ತೆಗೆಸಿ, ಅಂಗಡಿಯವರಿಂದ ತೂಕ ಮತ್ತು ಬೆಲೆ ಬರೆಸಿದ ಪತ್ರ ಜೋಡಿಸಿ, ಪಟ್ಟಿಯಲ್ಲಿ ಸೇರಿಸಿ. ಪಟ್ಟಿಯ ಎರಡು ಪ್ರತಿ ಇರಲಿ, ಒಂದು ಅಧಿಕಾರಿಗೆ, ಮುದ್ರೆ ಬಿದ್ದ ಇನ್ನೊಂದು ನಿಮಗೆ. ಮರಳಿ ಹೋಗುವಾಗ ಆ ಮುದ್ರೆಯ ಪ್ರತಿ ಪಾಸ್‌ಪೋರ್ಟ್ ಜೊತೆಗೇ ಇರಬೇಕು, ಸೂಟ್‌ಕೇಸ್ ಒಳಗಲ್ಲ. 10,000 ಕೆನಡಿಯನ್ ಡಾಲರ್ ಅಥವಾ ಹೆಚ್ಚು ನಗದು ಇದ್ದರೆ ಹೇಳಲೇಬೇಕು. ಕುಂದಾ, ಕರದಂಟು, ಶೇಂಗಾ ಚಟ್ನಿ, ತುಪ್ಪ ಏನೇ ಒಯ್ದರೂ ತಿನಿಸು ಇದೆ ಎಂದು ಘೋಷಿಸಿ. ಹೇಳಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಹೇಳದೆ ಸಿಕ್ಕಿದರೆ ದಂಡ ಬೀಳುತ್ತದೆ.